ಪೊಟ್ಟಣದ ಫೈಬರ್ ಜಾಲರಿಯ ಕೆಲಸ ಮಾಡಲ್ಲ

ಮನೆ ಮುಂದಿನ ಕಾರ್ ಪಾರ್ಕಿಂಗಿಗೋ, ಕಣಕ್ಕೋ, ಕೊಟ್ಟಿಗೆಗೋ ನೆಲದ ಮೇಲೆ ನಾಲ್ಕಿಂಚು ಕಾಂಕ್ರೀಟ್ ಹಾಕುವಾಗ ಕಂಬಿ ಜಾಲರಿಗೆ ಕೊಡುವ ದುಡ್ಡಿನಲ್ಲಿ ಬಹುಪಾಲು ಮಣ್ಣುಪಾಲು. ಬಾಯಿಮಾತಿಗೆ ಹೇಳುತ್ತಿಲ್ಲ, ಜಾಲರಿ ನಿಜವಾಗಿಯೂ ಮಣ್ಣಿನ ಮೇಲೇ ಹೋಗಿ ಮಲಗುತ್ತದೆ.

ನೆಲದ ಕಾಂಕ್ರೀಟಿನಲ್ಲಿ ಜಾಲರಿ ಬಿರುಕನ್ನು ತಡೆಯಲ್ಲ. ಬಿರುಕು ಬಿಟ್ಟಾಗ ಎರಡು ಅಂಚು ದೂರ ಸರಿಯದಂತೆ ಹಿಡಿದಿಟ್ಟುಕೊಳ್ಳುವುದಷ್ಟೇ ಅದರ ಕೆಲಸ. ಹಾಗೆ ಹಿಡಿಯಬೇಕಾದರೆ ಅದು ಮೇಲ್ಮೈಯಿಂದ ಒಂದೂವರೆಯಿಂದ ಎರಡು ಇಂಚಿನ ಒಳಗಿರಬೇಕು, ಅದನ್ನು ನೆಲದಿಂದ ಎತ್ತಿ ಹಿಡಿಯುವ ಸಣ್ಣ ಸಿಮೆಂಟ್ ತುಂಡು, ಅಂದರೆ ಕವರ್ ಬ್ಲಾಕ್, ಎರಡು ಮೂರು ಅಡಿಗೊಂದು ಕೂತಿರಬೇಕು. ಆಗುವುದೇನು? ಬಾಂಡ್ಲಿ ಹೊತ್ತವರು ಜಾಲರಿ ಮೇಲೇ ಓಡಾಡುತ್ತಾರೆ, ಬ್ಲಾಕು ಉರುಳುತ್ತದೆ, ಜಾಲರಿ ತಳ ಸೇರುತ್ತದೆ. ಕೇಳಿದರೆ "ಕೊಕ್ಕೆ ಹಾಕಿ ಎತ್ತಿಬಿಡ್ತೀವಿ ಸಾರ್" ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಎತ್ತಿದ ಕಡೆ ಮುಂದಿನ ಕಾಲು ಬಿದ್ದರೆ ಮತ್ತೆ ತಳಕ್ಕೆ. ತಳದಲ್ಲಿ ಬಿದ್ದ ಜಾಲರಿಯಿಂದ ಆಗುವುದು ಒಂದೇ ಕೆಲಸ, ತುಕ್ಕು ಹಿಡಿಯುವುದು.

ಹಾಗಾಗಿ ಕಾಂಕ್ರೀಟಿನ ಜೊತೆಗೇ ಕಲಸುವ ಸಣ್ಣ ಎಳೆ, ಅಂದರೆ ಫೈಬರ್ ಕಡೆ ಜನ ತಿರುಗುತ್ತಿರುವುದು ಸರಿಯೇ. ಕಾಂಕ್ರೀಟಿನ ಪೂರ್ತಿ ದಪ್ಪದಲ್ಲಿ ಹರಡಿಕೊಂಡಿರುವ ಎಳೆಯನ್ನು ಯಾರೂ ತುಳಿದು ಕೆಳಗಿಳಿಸಲಾರರು. ತಕರಾರು ಇರುವುದು ಅಂಗಡಿಯಲ್ಲಿ ಕೊಡುವ ಸಲಹೆಯ ಬಗ್ಗೆ. "ಮೂಟೆಗೊಂದು ಪೊಟ್ಟಣ ಹಾಕಿ, ಕಂಬಿಯೇ ಬೇಡ" ಅನ್ನುವ ಮಾತು ಶುದ್ಧ ತಪ್ಪು. ಫೈಬರಿನಲ್ಲಿ ಎರಡು ಬೇರೆ ಜಾತಿ ಇವೆ, ಒಂದರ ಕೆಲಸ ಇನ್ನೊಂದು ಮಾಡಲ್ಲ.

ಪೊಟ್ಟಣದಲ್ಲಿ ಬರುವುದು ಕೂದಲಿನಂಥ ಸಣ್ಣ ಎಳೆ, ಮೈಕ್ರೋ ಫೈಬರ್. ರೆಕ್ರಾನ್ ಬ್ರಾಂಡಿನ ಥರದ್ದು. ಗಾರೆಗೆ 6 ಮಿ.ಮೀ., ಕಾಂಕ್ರೀಟಿಗೆ 12 ಮಿ.ಮೀ. ಉದ್ದ, 50 ಕಿಲೋ ಸಿಮೆಂಟಿಗೆ 125 ಗ್ರಾಂ. ಕಾಂಕ್ರೀಟ್ ಹಾಕಿದ ಮೊದಲ ಕೆಲವು ಗಂಟೆ ಮಾತ್ರ ಇದರ ಆಟ. ಫೆಬ್ರವರಿ ದಾಟಿದ ಮೇಲೆ ನಮ್ಮ ಕಡೆ ಬಿಸಿಲೂ ಗಾಳಿಯೂ ಸೇರಿ ಮೇಲ್ಮೈಯ ನೀರನ್ನು ಎಳೆದುಕೊಳ್ಳುತ್ತವೆ. ಒಳಗಿನಿಂದ ನೀರು ಮೇಲೆ ಬರುವ ವೇಗಕ್ಕಿಂತ ಆರುವ ವೇಗ ಹೆಚ್ಚಾದರೆ ಹಸಿ ಕಾಂಕ್ರೀಟ್ ಕುಗ್ಗಿ ಸೀಳುತ್ತದೆ. ಗಂಟೆಗೆ ಚದರ ಮೀಟರಿಗೆ ಒಂದು ಕಿಲೋ ನೀರು ಆರುತ್ತಿದ್ದರೆ ಅಪಾಯದ ಗೆರೆ ಮುಟ್ಟಿದಂತೆ. ಈ ಎಳೆಗಳು ಆ ಹಸಿ ಸೀಳನ್ನು ಚೆನ್ನಾಗಿ ತಡೆಯುತ್ತವೆ. ಗಟ್ಟಿಯಾದ ಮೇಲೆ ಕಾರಿನ ಭಾರ ಬಿದ್ದು ಬಿರುಕು ಬಿಟ್ಟರೆ ಅದನ್ನು ಹಿಡಿದುಕೊಳ್ಳುವ ತಾಕತ್ತು ಇವಕ್ಕಿಲ್ಲ.

ಜಾಲರಿಯ ಬದಲಿಗೆ ನಿಲ್ಲಬಲ್ಲದ್ದು ಮ್ಯಾಕ್ರೋ ಫೈಬರ್. 40ರಿಂದ 60 ಮಿ.ಮೀ. ಉದ್ದದ ಗಡುಸಾದ ಪ್ಲಾಸ್ಟಿಕ್ ಎಳೆ, ಇಲ್ಲವೇ ತುದಿ ಬಾಗಿಸಿದ ಉಕ್ಕಿನ ಎಳೆ. ಪ್ಲಾಸ್ಟಿಕ್ಕಿನದಾದರೆ ಘನ ಮೀಟರಿಗೆ 3ರಿಂದ 6 ಕಿಲೋ, ಉಕ್ಕಿನದಾದರೆ 20ರಿಂದ 40 ಕಿಲೋ. ಕೊಳ್ಳುವಾಗ "ಬಿರುಕು ಬಿಟ್ಟ ಮೇಲೆ ಎಷ್ಟು ಬಲ ಉಳಿಯುತ್ತೆ, ಎಷ್ಟು ಕಿಲೋ ಹಾಕಿ ಪರೀಕ್ಷೆ ಮಾಡಿದ್ದೀರಿ" ಎಂದು ಕೇಳಿ. ಇಎನ್ 14651 ಅಥವಾ ಎಎಸ್‌ಟಿಎಂ ಸಿ1609 ಪರೀಕ್ಷೆಯ ವರದಿ ಕೊಡದೆ ಬರೀ ಎಳೆಯ ಬಲವನ್ನು ಹೊಗಳುವವರಿಂದ ಕೊಳ್ಳಬೇಡಿ. ಎಳೆ ಎಷ್ಟೇ ಗಟ್ಟಿಯಿದ್ದರೂ ಕಾಂಕ್ರೀಟಿನಿಂದ ಜಾರಿ ಬಂದರೆ ಏನು ಪ್ರಯೋಜನ? ರಸ್ತೆಗಾದರೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ:ಎಸ್‌ಪಿ:46 ಎಂಬ ಮಾರ್ಗಸೂಚಿಯೇ ಇದೆ, ಪಂಚಾಯಿತಿ ಎಂಜಿನಿಯರುಗಳು ತೆರೆದು ನೋಡಬಹುದು.

ಇನ್ನು ಲೆಕ್ಕ. 20 ಅಡಿಗೆ 30 ಅಡಿ ಜಾಗ, ನಾಲ್ಕಿಂಚು ದಪ್ಪ ಅಂದರೆ ಸುಮಾರು 5.7 ಘನ ಮೀಟರ್. 8 ಮಿ.ಮೀ. ಕಂಬಿಯನ್ನು ಎರಡೂ ಕಡೆಗೆ 8 ಇಂಚಿಗೊಂದರಂತೆ ಕಟ್ಟಿದರೆ 220 ಕಿಲೋ, ಜೋಡಣೆಯ ಲ್ಯಾಪ್ ಸೇರಿ 230 ದಾಟುತ್ತದೆ. ಅದೇ ಜಾಗಕ್ಕೆ ಪ್ಲಾಸ್ಟಿಕ್ ಮ್ಯಾಕ್ರೋ ಘನ ಮೀಟರಿಗೆ 4 ಕಿಲೋ ಲೆಕ್ಕದಲ್ಲಿ 23 ಕಿಲೋ ಸಾಕು. ಅಂದರೆ ಫೈಬರಿನ ಕಿಲೋ ದರ ಕಂಬಿ ದರದ ಹತ್ತು ಪಟ್ಟಿನೊಳಗಿದ್ದರೆ ನಿಮಗೆ ಉಳಿತಾಯ, ಕಟ್ಟುವ ಕೂಲಿ ಬೇರೆ ಮಿಗುತ್ತದೆ. ಆದರೆ ನೀವು ಹಾಕಬೇಕೆಂದಿದ್ದದ್ದು ನಾಲ್ಕಿಂಚು ಕಣ್ಣಿನ 4 ಮಿ.ಮೀ. ರೆಡಿಮೇಡ್ ಜಾಲರಿಯಾದರೆ ಅದರ ತೂಕವೇ 110 ಕಿಲೋ, ಆಗ ಲೆಕ್ಕ ಐದು ಪಟ್ಟಿಗೆ ಇಳಿಯುತ್ತದೆ. ಉಕ್ಕಿನ ಎಳೆ ಘನ ಮೀಟರಿಗೆ 25 ಕಿಲೋ ಪ್ರಮಾಣದಲ್ಲೇ 140 ಕಿಲೋ ಬೇಕು. ಮನೆ ಮಟ್ಟದ ಕೆಲಸಕ್ಕೆ ಅದು ಗಿಟ್ಟುವುದು ಅಪರೂಪ, ಗೋದಾಮಿನ ನೆಲಕ್ಕೆ ಸರಿ.

ಕೆಲಸ ಕೆಡುವುದು ಕಾಂಕ್ರೀಟ್ ಕಲಸುವ ಯಂತ್ರದ, ಅಂದರೆ ಮಿಲ್ಲರ್ ಹತ್ತಿರ. ಫೈಬರ್ ಬಿದ್ದ ಕೂಡಲೇ ಕಾಂಕ್ರೀಟ್ ಬಿಗಿಯಾದಂತೆ ಕಾಣುತ್ತದೆ, ಅದರ ಸಡಿಲತನದ ಅಳತೆಯಾದ ಸ್ಲಂಪ್ ಒಂದೆರಡು ಇಂಚು ಇಳಿಯುತ್ತದೆ. ಎಂ ಸ್ಯಾಂಡಿನಲ್ಲಿ ಪುಡಿ ಜಾಸ್ತಿಯಿದ್ದರೆ ಇನ್ನೂ ಬಿಗಿ. ಅದನ್ನು ನೋಡಿ ಮಿಲ್ಲರ್ ಹುಡುಗ ಇನ್ನೊಂದು ಬಕೆಟ್ ನೀರು ಸುರಿದರೆ ಅಲ್ಲಿಗೆ ಮುಗಿಯಿತು. ನೀರು ಹೆಚ್ಚಾದ ಕಾಂಕ್ರೀಟ್ ಹೆಚ್ಚು ಕುಗ್ಗುತ್ತದೆ, ಯಾವ ಬಿರುಕು ತಪ್ಪಿಸಲು ಫೈಬರ್ ತಂದಿರೋ ಅದೇ ಬರುತ್ತದೆ. ಮೂಟೆಗೆ ಮರಳಿನ ತೇವವೂ ಸೇರಿ 25 ಲೀಟರ್ ಮೀರಬಾರದು. ಸಡಿಲ ಬೇಕಾದರೆ ನೀರು ಹೆಚ್ಚಿಸದೆ ಸಡಿಲಗೊಳಿಸುವ ದ್ರವ, ಪ್ಲಾಸ್ಟಿಸೈಸರ್ ಹಾಕಿ, ಡಬ್ಬಿಯ ಮೇಲೆ ಬರೆದಷ್ಟೇ. ಜಲ್ಲಿ, ಮರಳು, ಸಿಮೆಂಟ್, ಮುಕ್ಕಾಲು ಪಾಲು ನೀರು ಬಿದ್ದು ಕಲಸಿಕೊಂಡ ಮೇಲೆ ಫೈಬರನ್ನು ಬಿಡಿಬಿಡಿಯಾಗಿ ಉದುರಿಸಿ, ಉಳಿದ ನೀರು ಬಿಟ್ಟು ಎರಡು ಮೂರು ನಿಮಿಷ ಹೆಚ್ಚಿಗೆ ತಿರುಗಿಸಿ. ಖಾಲಿ ಡ್ರಮ್ಮಿಗೆ ಮೊದಲೇ ಹಾಕಿದರೂ, ಒಂದೇ ಸಲ ಸುರಿದರೂ ಉಂಡೆ ಕಟ್ಟುತ್ತದೆ. ಉಂಡೆಯೊಳಗೆ ಸಿಮೆಂಟ್ ಹಾಲು ಹೋಗಲ್ಲ, ಆ ಜಾಗ ಟೊಳ್ಳು. ಕಲಸಿದ ಕಾಂಕ್ರೀಟ್ ತರುವ ಆರ್‌ಎಂಸಿ (ರೆಡಿಮಿಕ್ಸ್) ಲಾರಿಯಾದರೆ ಡ್ರಮ್ಮನ್ನು ಪೂರ್ತಿ ವೇಗದಲ್ಲಿ ಓಡಿಸುತ್ತಾ ಹಾಕಿಸಿ, ಆಮೇಲೂ ನಾಲ್ಕೈದು ನಿಮಿಷ ತಿರುಗಲಿ.

ಫೈಬರ್ ಹಾಕಿದ ಮಾತ್ರಕ್ಕೆ ಜಾಯಿಂಟ್, ಅಂದರೆ ಬಿರುಕು ನೇರ ಗೆರೆಯಲ್ಲೇ ಬರಲೆಂದು ಕೊಯ್ಯುವ ಸೀಳು, ತಪ್ಪಿಸುವ ಹಾಗಿಲ್ಲ. ನಾಲ್ಕಿಂಚು ದಪ್ಪಕ್ಕೆ 8ರಿಂದ 10 ಅಡಿಗೊಂದು ಜಾಯಿಂಟ್ ಬೇಕು. 20/30 ಜಾಗವನ್ನು ಹತ್ತಡಿ ಚೌಕದ ಆರು ಹೋಳು ಮಾಡಿ. ಬೇಸಿಗೆಯಲ್ಲಿ ಬೆಳಿಗ್ಗೆ ಹಾಕಿದ ಕಾಂಕ್ರೀಟಿಗೆ ಅದೇ ಸಂಜೆ ಒಂದಿಂಚು ಆಳ ಕಟರ್ ಹೊಡೆಸಬೇಕು. ಮಾರನೆಯ ಮಧ್ಯಾಹ್ನ ಕಟರ್ ಬರುವಷ್ಟರಲ್ಲಿ ಬಿರುಕು ತನಗೆ ಬೇಕಾದ ಕಡೆ ಬಂದಿರುತ್ತದೆ. ಪಿಲ್ಲರ್ ಸುತ್ತ ಥರ್ಮಾಕೋಲ್ ಪಟ್ಟಿ ಇಟ್ಟು ಬಿಡಿಸಿ. ನೀರುಣಿಸುವ ಕ್ಯೂರಿಂಗ್ ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಿಗೆ ಕನಿಷ್ಠ 10 ದಿನ, ಬಿಸಿಲು ಜೋರಿದ್ದರೆ 14.

ತಳ ಕುಸಿದರೆ ಫೈಬರೂ ಇಲ್ಲ, ಜಾಲರಿಯೂ ಇಲ್ಲ. ಮಂಡ್ಯದ ನಾಲೆ ಬಯಲಿನಲ್ಲಿ ಗದ್ದೆ ಮುಚ್ಚಿ ಸೈಟು ಮಾಡಿದ ಕಡೆ, ನಂಜನಗೂಡು, ತಿ. ನರಸೀಪುರದ ಎರೆ ಮಣ್ಣಿನ ಕಡೆ, ಗ್ರಾವೆಲ್ಲನ್ನು ಆರಾರು ಇಂಚು ಹರಡಿ, ನೀರು ಹೊಡೆದು, ಧಮ್ಮಸ್ಸು ಮಾಡಿಯೇ ಮುಂದುವರಿಯಿರಿ.

ಕೊಟ್ಟಿಗೆಗೆ ಪ್ಲಾಸ್ಟಿಕ್ ಮ್ಯಾಕ್ರೋ ಹೇಳಿ ಮಾಡಿಸಿದ ಹಾಗಿದೆ, ಗಂಜಲ ಎಷ್ಟು ಇಳಿದರೂ ತುಕ್ಕಿನ ಮಾತಿಲ್ಲ. ಕಣಕ್ಕೆ ಉಕ್ಕಿನ ಎಳೆ ಬೇಡವೇ ಬೇಡ. ಮೇಲೆದ್ದ ತುದಿ ಬರಿಗಾಲಿಗೆ ಚುಚ್ಚುತ್ತದೆ, ಮುರಿದದ್ದು ರಾಗಿ ಭತ್ತದ ಜೊತೆ ಮೂಟೆ ಸೇರುತ್ತದೆ. ಪ್ಲಾಸ್ಟಿಕ್ ಹಾಕಿದರೂ ಮೇಲ್ಮೈಯನ್ನು ಮರದ ಹಲಗೆಯಲ್ಲಿ ಒತ್ತಿ ತೀಡಿಸಿ, ಪೊರಕೆ ಗೆರೆ ಎಳೆಸುವುದಾದರೆ ಒಂದೇ ದಿಕ್ಕಿಗೆ ಎಳೆಸಿ, ಹಿಂದೆ ಮುಂದೆ ಎಳೆದರೆ ಎಳೆಗಳೆಲ್ಲ ಎದ್ದು ನಿಲ್ಲುತ್ತವೆ. ಆಲೆಮನೆಯಲ್ಲಿ ಒಲೆಯ ಬಾಯಿ ಹತ್ತಿರ ಪ್ಲಾಸ್ಟಿಕ್ ಎಳೆ ನಂಬಬೇಡಿ, ಪಾಲಿಪ್ರೊಪಿಲೀನ್ 160 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ. ಹುಳಿತ ಕಬ್ಬಿನ ಹಾಲು ಸಿಮೆಂಟನ್ನೇ ತಿನ್ನುತ್ತದೆ, ಅದಕ್ಕೆ ಯಾವ ಫೈಬರೂ ಮದ್ದಲ್ಲ.

ತೆಂಗಿನ ನಾರು, ಕಬ್ಬಿನ ಸಿಪ್ಪೆ ಹಾಕಬಹುದಾ ಎಂದು ಕೇಳುವವರಿದ್ದಾರೆ. ನಾರನ್ನು ಸಿಮೆಂಟಿನ ಕ್ಷಾರ ವರ್ಷಗಳಲ್ಲಿ ಸವೆಸುತ್ತದೆ. ಸಿಪ್ಪೆಯ ಸಕ್ಕರೆ ಇನ್ನೂ ಕೆಟ್ಟದ್ದು, ಸಿಮೆಂಟಿನ ತೂಕದ ಶೇ. 0.1ರಷ್ಟು ಸೇರಿದರೂ ಸೆಟ್ಟಿಂಗ್ ಗಂಟೆಗಟ್ಟಲೆ ತಡವಾಗುತ್ತದೆ.

ತಾರಸಿ, ಬೀಮು, ಸಜ್ಜಾ, ಸಂಪಿನ ಮುಚ್ಚಳ, ಮೆಟ್ಟಿಲು: ಇಲ್ಲಿ ಮಾತ್ರ ಎಂಜಿನಿಯರ್ ಬರೆದ ಕಂಬಿಯಲ್ಲಿ ಒಂದೆಳೆಯನ್ನೂ ಕಡಿಮೆ ಮಾಡಬೇಡಿ. ಇವುಗಳ ಕೆಳಗೆ ನೆಲದ ಆಸರೆ ಇಲ್ಲ, ಎಳೆತವನ್ನೆಲ್ಲ ಕಂಬಿಯೇ ಹೊರಬೇಕು. ತಾರಸಿಗೆ ಮೈಕ್ರೋ ಫೈಬರನ್ನು ಕಂಬಿಯ ಜೊತೆಗೆ ಹಾಕಿ, ಬೇಡ ಅಂದವರಾರು?

ಹಾಕಿದ್ದು ನಿಜವಾಗಿಯೂ ಬಿದ್ದಿದೆಯಾ ಅನ್ನುವ ಅನುಮಾನಕ್ಕೆ ಸುಲಭದ ದಾರಿಯಿದೆ. ಹಸಿ ಕಾಂಕ್ರೀಟನ್ನು 10 ಲೀಟರ್ ಬಕೆಟಿನಲ್ಲಿ ಕುಟ್ಟಿ ತುಂಬಿ, ದೊಡ್ಡ ತೊಟ್ಟಿಗೆ ಸುರಿದು, ನೀರು ಬಿಟ್ಟು ಕಲಕಿ. ಪ್ಲಾಸ್ಟಿಕ್ ಎಳೆ ನೀರಿಗಿಂತ ಹಗುರ, ತೇಲಿ ಬರುತ್ತದೆ. ಉಕ್ಕಿನದನ್ನು ಅಯಸ್ಕಾಂತದಲ್ಲಿ ಆರಿಸಿ. ತೊಳೆದು ಒಣಗಿಸಿ ತೂಗಿ. ಘನ ಮೀಟರಿಗೆ 4 ಕಿಲೋ ಮಾತಾಗಿದ್ದರೆ ಬಕೆಟಿಗೆ 40 ಗ್ರಾಂ ಸಿಗಬೇಕು, ಉಕ್ಕು 25 ಕಿಲೋ ಆಗಿದ್ದರೆ 250 ಗ್ರಾಂ. ಲಾರಿಯ ಮೊದಲಲ್ಲಿ, ನಡುವಲ್ಲಿ, ಕೊನೆಯಲ್ಲಿ ಒಂದೊಂದು ಬಕೆಟ್ ತೆಗೆಯಿರಿ. ಮೂರೂ ತೂಕ ಒಂದಕ್ಕೊಂದು ಹತ್ತಿರವಿಲ್ಲದಿದ್ದರೆ ಫೈಬರ್ ಕಲೆತಿಲ್ಲ ಎಂದರ್ಥ, ಬಿಲ್ಲಿಗೆ ಸಹಿ ಹಾಕುವ ಮೊದಲು ಮೇಸ್ತ್ರಿಯನ್ನು ಕರೆದು ತೋರಿಸಿ.