2 ಸಾವಿರವಾದರೆ ಬಿಟ್ಟಿ, 2 ಲಕ್ಷ ಕೋಟಿಯಾದರೆ ಪ್ರೋತ್ಸಾಹ

ಖಜಾನೆಯಿಂದ ಹೊರಡುವಾಗ ದುಡ್ಡಿಗೆ ಹೆಸರಿರುವುದಿಲ್ಲ. ಯಾರ ಮನೆ ಬಾಗಿಲಿಗೆ ಹೋಗಿ ನಿಂತಿತು ಎಂದು ನೋಡಿಕೊಂಡು ಆಮೇಲೆ ನಾಮಕರಣ. ಈ ಶಾಸ್ತ್ರ ತಿಳಿಯದೆ ಟಿವಿ ಚರ್ಚೆಗೆ ಕೂತು, ಕಾರ್ಖಾನೆಗೆ ಕೊಟ್ಟದ್ದನ್ನು ಬಿಟ್ಟಿ ಎಂದೋ ಕೂಲಿಯವಳಿಗೆ ಕೊಟ್ಟದ್ದನ್ನು ಪ್ರೋತ್ಸಾಹ ಎಂದೋ ಬಾಯಿ ತಪ್ಪಿ ಆಡಿದರೆ ಮರುದಿನದಿಂದ ಯಾರೂ ಕರೆಯುವುದಿಲ್ಲ. ಹೊಸಬರ ಅನುಕೂಲಕ್ಕೆ ಈ ಕೈಪಿಡಿ.

ಮೊದಲು ಮೊತ್ತ ನೋಡಬೇಕು. ಸಣ್ಣದಾದಷ್ಟೂ ಹೆಸರು ಒರಟು. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬಿಟ್ಟಿ ಭಾಗ್ಯ. 14 ವಲಯಗಳ ಕಾರ್ಖಾನೆಗಳಿಗೆಂದು ಕೇಂದ್ರ ತೆಗೆದಿಟ್ಟ 1.97 ಲಕ್ಷ ಕೋಟಿ, ಉತ್ಪಾದನೆ ಆಧಾರಿತ ಪ್ರೋತ್ಸಾಹಧನ. ಗುಜರಾತಿನ ಸಾಣಂದದಲ್ಲಿ ಮೈಕ್ರಾನ್ ಕಂಪನಿಯ ಚಿಪ್ ಘಟಕಕ್ಕೆ ಯೋಜನಾ ವೆಚ್ಚದ ಶೇ 50 ಕೇಂದ್ರದ್ದು, ಶೇ 20 ರಾಜ್ಯದ್ದು. ಅಂದರೆ ನೂರು ರೂಪಾಯಿಯ ಕಾರ್ಖಾನೆಗೆ ಕಂಪನಿ ತನ್ನ ಜೇಬಿನಿಂದ ಬಿಚ್ಚುವುದು 30. ಇದಕ್ಕೆ ಹೂಡಿಕೆ ಆಕರ್ಷಣೆ ಎನ್ನಬೇಕು. ‘ಹೀಗೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ’ ಎಂಬ ಮಾತನ್ನು ಇಲ್ಲಿ ತರಬಾರದು. ಅದು ಗೃಹಲಕ್ಷ್ಮಿಗೆ ಮೀಸಲು.

ಕೊಡದೆಯೂ ಕೊಡಬಹುದು. 2019ರ ಸೆಪ್ಟೆಂಬರ್ 20ರಂದು ಕಂಪನಿ ತೆರಿಗೆಯ ಮೂಲ ದರ ಶೇ 30ರಿಂದ 22ಕ್ಕೆ ಇಳಿಯಿತು. ವರ್ಷಕ್ಕೆ 1.45 ಲಕ್ಷ ಕೋಟಿ ಕೈಬಿಟ್ಟುಹೋಗುತ್ತದೆ ಎಂದು ಸರ್ಕಾರವೇ ಲೆಕ್ಕ ಹೇಳಿತು. ಇದರ ಹೆಸರು ಆರ್ಥಿಕತೆಗೆ ಉತ್ತೇಜನ. ಬೆರಳಚ್ಚು ಬೇಡ, ಸರದಿ ಬೇಡ, ‘ಸರ್ವರ್ ಇಲ್ಲ, ನಾಳೆ ಬಾ’ ಎನ್ನುವವರೂ ಇಲ್ಲ.

ಆಮೇಲೆ ಊರು ನೋಡಬೇಕು. 2022ರ ಜುಲೈನಲ್ಲಿ ಉತ್ತರ ಪ್ರದೇಶದ ಜಾಲೌನ್‌ನಲ್ಲಿ ಪ್ರಧಾನಿ ‘ರೇವಡಿ ಸಂಸ್ಕೃತಿ’ಯ, ಅಂದರೆ ವೋಟಿಗಾಗಿ ಮಿಠಾಯಿಯಂತೆ ಬಿಟ್ಟಿ ಹಂಚುವುದರ ವಿರುದ್ಧ ಎಚ್ಚರಿಸಿದರು. ಮರುವರ್ಷ ಅವರದೇ ಪಕ್ಷದ ಮಧ್ಯಪ್ರದೇಶ ಸರ್ಕಾರ ಹೆಂಗಸರ ಖಾತೆಗೆ ದುಡ್ಡು ಹಾಕಿತು. ಅದು ‘ಲಾಡ್ಲಿ ಬೆಹನಾ’. ಅದರ ಮರುವರ್ಷ ಮಹಾರಾಷ್ಟ್ರದ ಅವರ ಮೈತ್ರಿಕೂಟ 1,500 ಹಾಕಿತು. ಅದು ‘ಲಾಡ್ಕಿ ಬಹೀಣ್’. ವಿಂಧ್ಯ, ಸಹ್ಯಾದ್ರಿಗಳ ಆಚೆ ಮುದ್ದಿನ ತಂಗಿಯಾದವಳು ನಿಪ್ಪಾಣಿ ದಾಟುತ್ತಲೇ ಬಿಟ್ಟಿ ಫಲಾನುಭವಿ. ಇನ್ನು ಪಿಎಂ ಕಿಸಾನ್ ‘ಸಮ್ಮಾನ್ ನಿಧಿ’: ವರ್ಷಕ್ಕೆ 6,000, ಮೂರು ಕಂತು. ತಿಂಗಳಿಗೆ 500 ಬಿತ್ತು. 500ಕ್ಕೆ ಸಮ್ಮಾನ, 2,000ಕ್ಕೆ ಅವಮಾನ.

ಸಾಲದ ವಿಭಾಗ ಸ್ವಲ್ಪ ಕಷ್ಟ, ನಿಧಾನವಾಗಿ ಓದಿಕೊಳ್ಳಿ. ರೈತನದಾದರೆ ಮನ್ನಾ, ಉದ್ಯಮಿಯದಾದರೆ ರೈಟ್ ಆಫ್. ಎರಡೂ ಒಂದೇ ಎಂದರೆ ಬ್ಯಾಂಕಿನವರು ಸಿಟ್ಟಾಗುತ್ತಾರೆ, ಮತ್ತು ಅವರ ಮಾತು ಕಾಗದದ ಮೇಲೆ ಸರಿಯೇ. ವಸೂಲಾಗದ ಸಾಲಕ್ಕೆ ನಾಲ್ಕು ವರ್ಷದಲ್ಲಿ ಬ್ಯಾಂಕು ಪೂರ್ತಿ ಹಣ ತೆಗೆದಿಟ್ಟ ಮೇಲೆ ಆ ಸಾಲವನ್ನು ಬ್ಯಾಲೆನ್ಸ್ ಶೀಟಿನಿಂದ ತೆಗೆಯುತ್ತಾರೆ. ಸಾಲಗಾರನ ಹೊಣೆ ಹಾಗೇ ಇರುತ್ತದೆ, ವಸೂಲಿ ಮುಂದುವರಿಯುತ್ತದೆ. ಎಷ್ಟು ಮುಂದುವರಿಯಿತು? 2014-15ರಿಂದ ಒಂಬತ್ತು ವರ್ಷಗಳಲ್ಲಿ ತೆಗೆದದ್ದು 14.56 ಲಕ್ಷ ಕೋಟಿ, ಅದರಲ್ಲಿ ದೊಡ್ಡ ಉದ್ದಿಮೆ-ಸೇವೆಗಳದ್ದೇ ಅರ್ಧ. ಹೀಗೆ ತೆಗೆದ ಸಾಲಗಳಿಂದ ಅಷ್ಟೂ ವರ್ಷದಲ್ಲಿ ವಾಪಸ್ ಬಂದದ್ದು ಸುಮಾರು 2 ಲಕ್ಷ ಕೋಟಿ. ಇದು ಸಂಸತ್ತಿನಲ್ಲೇ ಕೊಟ್ಟ ಲೆಕ್ಕ. ಉಳಿದದ್ದು ಮನ್ನಾ ಆಗಿಲ್ಲ, ಬಂದಿಲ್ಲ ಅಷ್ಟೆ.

ಈಗ 2018ರ ನಮ್ಮ ರಾಜ್ಯದ ಬೆಳೆ ಸಾಲ ಮನ್ನಾ. ಬ್ಯಾಂಕಿಗೆ ಆಧಾರ್, ಪಡಿತರ ಚೀಟಿ, ಪಹಣಿ ವಿವರ, ಜೊತೆಗೆ ಸ್ವಯಂ ದೃಢೀಕರಣ. ಹಿಂದಿನ ಮೂರು ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದ್ದರೆ ಹೊರಗೆ. ಲೆಕ್ಕಕ್ಕೆ ಕುಟುಂಬವೇ ಘಟಕ, ಮಿತಿ 2 ಲಕ್ಷ. ಪಹಣಿಯಲ್ಲಿ ‘ಬಸಪ್ಪ’, ಆಧಾರಿನಲ್ಲಿ ‘ಬಸವರಾಜ’ ಎಂದಿದ್ದವನು ಇಬ್ಬರೂ ಒಬ್ಬನೇ ಎಂದು ಕಚೇರಿ ಕಚೇರಿ ಅಲೆದು ರುಜುವಾತು ಮಾಡಬೇಕು. ಇದಕ್ಕೆ ಸಾಲಶಿಸ್ತಿನ ನಾಶ ಎನ್ನುತ್ತಾರೆ. ವಿಡಿಯೋಕಾನ್ ಕಂಪನಿಗಳ 64 ಸಾವಿರ ಕೋಟಿಗೂ ಮೀರಿದ ಬಾಕಿಗೆ 3 ಸಾವಿರ ಕೋಟಿಗಿಂತ ಕಡಿಮೆ ಕೊಡುವ ಯೋಜನೆಗೆ 2021ರಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿ (ಎನ್‌ಸಿಎಲ್‌ಟಿ) ಒಪ್ಪಿಗೆ ಕೊಟ್ಟಾಗ (ಮರುವರ್ಷ ಮೇಲ್ಮನವಿಯಲ್ಲಿ ಬಿದ್ದುಹೋಯಿತು) ಸಾಲ ಕೊಟ್ಟವರು ಬಿಟ್ಟುಕೊಟ್ಟ ಪಾಲಿಗೆ ಬಳಸಿದ ಪದ ‘ಹೇರ್‌ಕಟ್’. ಶೇ 95ರಷ್ಟು ಹೋದ ಮೇಲೂ ಕಟಿಂಗ್ ಅಂತಾರಲ್ಲ! ತಲೆ ಬೋಳಿಸುವುದು ಎಂದು ನಮ್ಮಲ್ಲಿ ಎಂದಿನಿಂದಲೂ ಹೇಳುತ್ತ ಬಂದಿದ್ದೇವೆ.

ಗೃಹಲಕ್ಷ್ಮಿಗೂ ಕಾಗದದ ಕಾಟ ಕಡಿಮೆಯಿಲ್ಲ. ಗಂಡ ಜಿಎಸ್‌ಟಿ ರಿಟರ್ನ್ ಸಲ್ಲಿಸುವವನಾದರೆ ಹೆಂಡತಿಗಿಲ್ಲ. ಅರ್ಜಿ ಮಂಜೂರಾದರೂ ದುಡ್ಡು ಹೋಗುವುದು ಆಧಾರ್‌ಗೆ ಕೊನೆಯ ಸಲ ಜೋಡಿಸಿದ ಖಾತೆಗೆ. ಯಾವತ್ತೋ ತೆರೆಸಿ ಮರೆತ ಖಾತೆಯಲ್ಲಿ ಅದು ಜಮೆಯಾಗುತ್ತಿರುತ್ತದೆ. ಇತ್ತ ಆಕೆ ಪಾಸ್‌ಬುಕ್ ಹಿಡಿದು ಬೇರೆ ಬ್ಯಾಂಕಿನ ಮುಂದೆ ನಿಂತಿರುತ್ತಾಳೆ. ಖಾತೆ ಬಂದ್ ಆಗಿದ್ದರೆ ಹಣ ವಾಪಸ್.

ಬಿಟ್ಟಿ ಎಂದರೆ ಕೆರಳುವ ನಮ್ಮ ರಾಜ್ಯ ಸರ್ಕಾರವೂ ಪದವಿದ್ಯೆಯಲ್ಲಿ ಹಿಂದಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಗೆ 2013ರ ಕಾಯ್ದೆಯಡಿ ಎತ್ತಿಟ್ಟ ಹಣದಲ್ಲಿ 11 ಸಾವಿರ ಕೋಟಿಗೂ ಹೆಚ್ಚು 2023-24ರಲ್ಲಿ ಗ್ಯಾರಂಟಿಗಳಿಗೆ ಹೋಯಿತು. ಇದು ‘ವರ್ಗಾವಣೆ’ಯಲ್ಲವಂತೆ, ‘ಬಳಕೆ’. ಗ್ಯಾರಂಟಿ ಪಡೆಯುವವರಲ್ಲಿ ಪರಿಶಿಷ್ಟರೂ ಇದ್ದಾರಲ್ಲ! ರಸ್ತೆ, ಸೇತುವೆಯ ಖರ್ಚನ್ನು ಈ ಲೆಕ್ಕಕ್ಕೆ ಬರೆಯಲು ದಾರಿ ಮಾಡಿದ್ದ 7ಡಿ ಕಲಂ ಅನ್ನು ಅದೇ ವರ್ಷ, ದುರ್ಬಳಕೆ ತಡೆಯಲೆಂದು ಕಿತ್ತುಹಾಕಿದ್ದೂ ಇದೇ ಸರ್ಕಾರ.

ಕೊನೆಯದು ದಿಕ್ಕು. ಕೇಂದ್ರ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು ಶೇ 4.713ರಿಂದ 3.647ಕ್ಕೆ ಇಳಿದದ್ದಕ್ಕೆ ಬೆಂಗಳೂರು 2024ರ ಫೆಬ್ರುವರಿಯಲ್ಲಿ ದಿಲ್ಲಿಗೆ ಹೋಗಿ ಕೂತು ‘ನಮ್ಮ ತೆರಿಗೆ ನಮ್ಮ ಹಕ್ಕು’ ಎಂದಿತು. ದಿಲ್ಲಿಯ ಕಿವಿಗೆ ಅದು ಉತ್ತರ-ದಕ್ಷಿಣ ಒಡೆಯುವ ಮಾತಾಗಿ ಕೇಳಿಸಿತು. ಅದೇ ‘ಹಕ್ಕು’ ಯಾದಗಿರಿಯಿಂದ ಎದ್ದು ಬಂದರೆ ಬೆಂಗಳೂರಿನ ಕಿವಿಗೂ ಒಡಕೇ. 2002ರಲ್ಲಿ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿ ಕೊಟ್ಟಿತು. 21 ಕಲಬುರಗಿ ವಿಭಾಗದವು. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಮಂಜೂರಾಯಿತು. ಅಸಮತೋಲನ ಇನ್ನೂ ಇದೆಯೇ ಎಂದು ನೋಡಲು 2024ರಲ್ಲಿ ಇನ್ನೊಂದು ಸಮಿತಿ ರಚನೆಯಾಯಿತು.