ಪರೀಕ್ಷೆಯ ಗೇಟಿನ ಮುಂದೆ “ಟೆನ್ಷನ್ ಮಾಡ್ಕೋಬೇಡ” ಅನ್ನುವುದನ್ನು ದಯವಿಟ್ಟು ನಿಲ್ಲಿಸಿ

ಇವತ್ತು ಬೆಳಗ್ಗೆ ಒಂಬತ್ತೂವರೆ. ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರವೊಂದರ ಗೇಟು. “ಟೆನ್ಷನ್ ಮಾಡ್ಕೋಬೇಡ ಮಗಾ. ಆದ್ರೆ ಟೈಮ್ ಸಾಲಲ್ಲ, ಬೇಗ ಬೇಗ ಬರಿ. ಪ್ರಿಪರೇಟರೀಲಿ ಮಾಡಿದ ಹಾಗೆ ಮಾಡಿ ಬಂದ್ರೆ ನೋಡು!” ಹೇಳಿದ್ದು ಅಪ್ಪ. ಪ್ರೀತಿಯಿಂದಲೇ ಹೇಳಿದ್ದು, ಅದರಲ್ಲಿ ಅನುಮಾನವಿಲ್ಲ. ಆ ಹುಡುಗಿಯ ಕೈಯಲ್ಲಿದ್ದ ಹಾಲ್ ಟಿಕೆಟ್ ನಡುಗುತ್ತಿತ್ತು. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮಾರ್ಚ್ ಬಂದರೆ ನಾನು ಇದನ್ನೇ ಬರೆಯುತ್ತೇನೆಂದು ನಿಮಗೆಲ್ಲ ಗೊತ್ತು. ಮತ್ತೆ ಬರೆಯುತ್ತೇನೆ.

ಆ ಮೂರು ಸಾಲಿನಲ್ಲಿ ಮಗುವಿಗೆ ತಲುಪಿದ್ದು ಇಷ್ಟು: ನಿನ್ನ ಮೈಯಲ್ಲಿ ಈಗ ಆಗುತ್ತಿರುವುದು ತಪ್ಪು, ಹೊತ್ತು ನಿನ್ನ ಕೈಯಲ್ಲಿಲ್ಲ, ಸೋತರೆ ನಾವು ನೋಡುತ್ತಿರುತ್ತೇವೆ. ಮೂರೂ ಕೆಡುಕಿನವೇ. ಹೇಳಿದ ಹೊತ್ತಂತೂ ಇನ್ನೂ ಕೆಟ್ಟದ್ದು.

ಯಾಕೆಂದರೆ, ಹೆದರಿಕೆಯಾದಾಗ ಅಡ್ರಿನಲಿನ್ ಕೆಲವೇ ಸೆಕೆಂಡುಗಳಲ್ಲಿ ಕೆಲಸ ಶುರು ಮಾಡುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಒತ್ತಡದಲ್ಲಿ ಮೈ ಹೊರಬಿಡುವ ಇನ್ನೊಂದು ಹಾರ್ಮೋನು ಕಾರ್ಟಿಸಾಲ್ ಹಾಗಲ್ಲ, ಅದು ನಿಧಾನ. ಹೆದರಿಕೆ ಶುರುವಾದ ಸುಮಾರು 20ರಿಂದ 30 ನಿಮಿಷಕ್ಕೆ ಅದರ ಮಟ್ಟ ತುದಿ ಮುಟ್ಟುತ್ತದೆ. ಕಾರ್ಟಿಸಾಲ್ ಏರಿದಾಗ ಮೊದಲೇ ಕಲಿತದ್ದನ್ನು ನೆನಪಿನಿಂದ ಎತ್ತಿ ತರುವುದು ಕಷ್ಟವಾಗುತ್ತದೆ. 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಡಿ ಕ್ವೆರ್ವೆನ್ ತಂಡದ ಪ್ರಯೋಗದಲ್ಲಿ, ಇಲಿಗಳಿಗೆ ಪರೀಕ್ಷೆಗೆ 30 ನಿಮಿಷ ಮುಂಚೆ ಸಣ್ಣ ಶಾಕ್ ಕೊಟ್ಟಾಗ ಕಲಿತ ದಾರಿ ಮರೆತಂತಾಯಿತು. 2 ನಿಮಿಷ ಮುಂಚೆಯೋ 4 ಗಂಟೆ ಮುಂಚೆಯೋ ಕೊಟ್ಟಾಗ ಹಾಗಾಗಲಿಲ್ಲ. 2000ದಲ್ಲಿ ಅದೇ ವಿಜ್ಞಾನಿಯ ತಂಡ ಮನುಷ್ಯರಿಗೆ, ಮೈಯೊಳಗೆ ಕಾರ್ಟಿಸಾಲ್ ಆಗಿ ಬದಲಾಗುವ ಕಾರ್ಟಿಸೋನ್ ಮಾತ್ರೆ ಕೊಟ್ಟು, ಹಿಂದಿನ ದಿನ ಕಲಿತ ಪದಗಳ ನೆನಪು ತಗ್ಗುವುದನ್ನು ಕಂಡಿತು.

ಈಗ ಲೆಕ್ಕ ಹಾಕಿ. ಒಂಬತ್ತೂವರೆಗೆ ಗೇಟಿನಲ್ಲಿ ಹೆದರಿಸಿದರೆ ಹತ್ತಕ್ಕೆ, ಪ್ರಶ್ನೆಪತ್ರಿಕೆ ಕೈಗೆ ಬರುವ ಹೊತ್ತಿಗೆ ಸರಿಯಾಗಿ, ಅದರ ಫಲ. ಅಪ್ಪನಿಗೆ ಅದು ಕಾಣಿಸುವುದಿಲ್ಲ. ಅಷ್ಟರಲ್ಲಿ ಅವರು ಬೈಕ್ ತಿರುಗಿಸಿಕೊಂಡು ಆಫೀಸು ಮುಟ್ಟಿರುತ್ತಾರೆ. ಸಂಜೆ “ಎಲ್ಲ ಓದಿದ್ದೆ, ಒಳಗೆ ಹೋದ್ಮೇಲೆ ಏನೂ ನೆನಪಾಗ್ಲಿಲ್ಲ” ಅಂತ ಮಗು ಅತ್ತಾಗ ಓದಿದ್ದು ಸಾಲದು ಅಂತ ಬೈಯುತ್ತಾರೆ.

ಯಾವ ಒತ್ತಡಕ್ಕೆ ಕಾರ್ಟಿಸಾಲ್ ಹೆಚ್ಚು ಏರುತ್ತದೆ ಅನ್ನುವುದೂ ಗೊತ್ತಿರುವ ಸಂಗತಿ. 2004ರಲ್ಲಿ ಡಿಕರ್ಸನ್ ಮತ್ತು ಕೆಮೆನಿ 208 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬರೀ ಕಷ್ಟದ ಕೆಲಸ ಕೊಟ್ಟಾಗ ಅಲ್ಲ, “ಬೇರೆಯವರು ನನ್ನನ್ನು ಅಳೆಯುತ್ತಿದ್ದಾರೆ” ಮತ್ತು “ಇದು ನನ್ನ ಹಿಡಿತದಲ್ಲಿಲ್ಲ” ಅನ್ನುವ ಎರಡೂ ಸೇರಿದಾಗ ಏರಿಕೆ ಅತಿ ಹೆಚ್ಚು. ಪ್ರಯೋಗಾಲಯದಲ್ಲಿ ಬೇಕೆಂದೇ ಒತ್ತಡ ಹುಟ್ಟಿಸಲು ಜರ್ಮನಿಯ ಟ್ರಿಯರ್‌ನಲ್ಲಿ ರೂಪಿಸಿದ ವಿಧಾನವೂ ಇದೇ: ಮುಖದಲ್ಲಿ ಯಾವ ಭಾವವನ್ನೂ ತೋರಿಸದ ತೀರ್ಪುಗಾರರ ಎದುರು ನಿಲ್ಲಿಸಿ 5 ನಿಮಿಷ ಭಾಷಣ ಮಾಡಿಸುವುದು, ಮತ್ತೆ 5 ನಿಮಿಷ 1022ರಿಂದ 13 ಕಳೆಯುತ್ತಾ ಹೋಗಿಸುವುದು, ತಪ್ಪಿದರೆ ಮೊದಲಿಂದ. “ಟೈಮ್ ಸಾಲಲ್ಲ, ಮಾಡಿ ಬಂದ್ರೆ ನೋಡು” ಅನ್ನುವ ಮಾತಿನಲ್ಲಿ ಆ ಎರಡೂ ಇವೆ. ವಿಜ್ಞಾನಿಗಳು ಕೊಠಡಿ ಕಟ್ಟಿ ಮಾಡುವುದನ್ನು ನಾವು ಗೇಟಿನಲ್ಲಿ ಮಾಡುತ್ತಿದ್ದೇವೆ.

“ಹಾಗಾದ್ರೆ ಸಮಾಧಾನ ಮಾಡೋದೂ ತಪ್ಪಾ?” ಅಂತ ಕೇಳುವಿರಿ. ಸಮಾಧಾನ ತಪ್ಪಲ್ಲ. ಹೊಡೆದುಕೊಳ್ಳುತ್ತಿರುವ ಎದೆಯನ್ನು ಬಯ್ಯುವುದು ತಪ್ಪು. ಮಗು ಅದನ್ನು ನಿಲ್ಲಿಸಲಾರದು. ನಿಲ್ಲಲಿಲ್ಲವಲ್ಲ ಅಂತ ಎರಡನೆಯ ಹೆದರಿಕೆ ಅದರ ಮೇಲೆ ಕೂರುತ್ತದೆ. 2010ರಲ್ಲಿ ಜೆರೆಮಿ ಜೇಮಿಸನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಸ್ನಾತಕೋತ್ತರ ಓದಿಗೆ ಸೇರಲು ಬರೆಯುವ ಜಿಆರ್‌ಇ ಪರೀಕ್ಷೆಗೆ ತಯಾರಾಗುತ್ತಿದ್ದವರಲ್ಲಿ ಅರ್ಧ ಜನರಿಗೆ ಒಂದೇ ವಿಷಯ ಹೇಳಿದರು: ಪರೀಕ್ಷೆಯ ಮುಂಚಿನ ಈ ತಳಮಳ ಕೆಡಿಸುವುದಿಲ್ಲ, ಸಹಾಯವನ್ನೂ ಮಾಡಬಹುದು. ಅಭ್ಯಾಸದ ಪರೀಕ್ಷೆಯಲ್ಲಿ ಅವರ ಗಣಿತದ ಅಂಕ ಉಳಿದವರಿಗಿಂತ ಹೆಚ್ಚು ಬಂತು, ಮುಂದೆ ನಿಜವಾದ ಪರೀಕ್ಷೆಯಲ್ಲೂ. 2014ರಲ್ಲಿ ಆಲಿಸನ್ ವುಡ್ ಬ್ರೂಕ್ಸ್ ತೋರಿಸಿದ್ದೂ ಅದನ್ನೇ. “ನಾನು ಉತ್ಸಾಹದಲ್ಲಿದ್ದೇನೆ” ಅಂತ ಬಾಯಿಬಿಟ್ಟು ಹೇಳಿಕೊಂಡವರು “ಶಾಂತವಾಗಿದ್ದೇನೆ” ಅಂದವರಿಗಿಂತ ಚೆನ್ನಾಗಿ ಮಾಡಿದರು. ಅವರ ಎದೆಬಡಿತ ಕಡಿಮೆಯಾಗಿರಲಿಲ್ಲ. ಬದಲಾದದ್ದು ಅದಕ್ಕೆ ಅವರು ಕೊಟ್ಟ ಅರ್ಥ.

ಆದ್ದರಿಂದ ಗೇಟಿನಲ್ಲಿ ಹೇಳಲೇಬೇಕಿದ್ದರೆ ಹೀಗೆ ಹೇಳಿ: “ಎದೆ ಹೊಡ್ಕೊಳ್ತಿದ್ಯಾ? ಆಗ್ಲಿ ಬಿಡು, ಮೈ ತಯಾರಾಗ್ತಿದೆ. ಹೋಗಿ ಬಾ.” ಅಷ್ಟೇ. ನಾಲ್ಕನೆಯ ವಾಕ್ಯ ಬೇಡ.

“ಎಲ್ಲ ಮನಸ್ಸಿನಲ್ಲೇ ಇದೆ ಅಂತೀರಲ್ಲ, ಬಡತನ, ನಿದ್ದೆಗೇಡು, ಮನೆಯಲ್ಲಿ ಜಗಳ ಇವೂ ಮನಸ್ಸಿನಲ್ಲೇ ಇವೆಯಾ?” ಅಂತ ಹೋದ ವರ್ಷ ಕೆಲವರು ಕೇಳಿದ್ದರು. ಇಲ್ಲ. ತಿಂಗಳುಗಟ್ಟಲೆ ಹಿಂಡುವ ಒತ್ತಡಕ್ಕೆ ಅರ್ಥ ಬದಲಿಸಿಕೊಳ್ಳುವುದು ಮದ್ದಲ್ಲ, ಅಲ್ಲಿ ಕಾರಣವೇ ತೊಲಗಬೇಕು. ನಾನು ಮಾತಾಡುತ್ತಿರುವುದು ಮೂರು ಗಂಟೆಯ ಒತ್ತಡದ ಬಗ್ಗೆ. ಹಾಗೆಯೇ ಕಂಡ ಕಂಡ ಉಪಾಯವನ್ನೆಲ್ಲ ನಂಬಿ ಅಂತಲೂ ಹೇಳುವುದಿಲ್ಲ. ಪರೀಕ್ಷೆಗೆ ಮುಂಚೆ 10 ನಿಮಿಷ ಭಯವನ್ನು ಹಾಳೆಯಲ್ಲಿ ಬರೆದರೆ ಅಂಕ ಏರುತ್ತದೆ ಎಂಬ 2011ರ ಪ್ರಯೋಗ ತುಂಬ ಪ್ರಸಿದ್ಧ. 2018ರಲ್ಲಿ ಬೇರೆಯವರು ಪುನಃ ಮಾಡಿದಾಗ ಆ ಫಲ ಸಿಗಲಿಲ್ಲ. ಹಾಗಾಗಿ ಅದನ್ನು ನಾನು ಯಾರಿಗೂ ಹೇಳುತ್ತಿಲ್ಲ.

ಇನ್ನು “ಟೈಮ್ ಸಾಲಲ್ಲ”. ಹೆದರಿದ ಮನಸ್ಸಿನ ಗಡಿಯಾರವನ್ನು ನಂಬುವ ಹಾಗಿಲ್ಲ. 2007ರಲ್ಲಿ ಈಗಲ್‌ಮನ್ ತಂಡ ಜನರನ್ನು 31 ಮೀಟರ್ ಎತ್ತರದಿಂದ ಬಲೆಯೊಳಕ್ಕೆ ಬೀಳಿಸಿ ನೋಡಿತು. ತಾವು ಬಿದ್ದ ಹೊತ್ತು ಬೇರೆಯವರು ಬಿದ್ದದ್ದಕ್ಕಿಂತ 36% ಹೆಚ್ಚು ಅಂತ ಅವರಿಗೆ ಅನ್ನಿಸಿತ್ತು. ಆದರೆ ಕೈಗೆ ಕಟ್ಟಿದ ಯಂತ್ರದಲ್ಲಿ ಸರ್ರನೆ ಬದಲಾಗುವ ಅಂಕಿಗಳನ್ನು ಓದಲು ಕೊಟ್ಟಾಗ ಅವರ ಕಣ್ಣು ಎಂದಿಗಿಂತ ಚುರುಕಾಗಿರಲಿಲ್ಲ. ಹೊತ್ತು ಹಿಗ್ಗಿದ್ದು ನೆನಪಿನಲ್ಲಿ ಮಾತ್ರ. ಪರೀಕ್ಷಾ ಕೊಠಡಿಯಲ್ಲಿ ಇದರ ಜೊತೆ ತದ್ವಿರುದ್ಧವಾದದ್ದೂ ಆಗುತ್ತದೆ. ಒಂದು ರೇಖಾಗಣಿತದ ಪ್ರಮೇಯದಲ್ಲಿ ಗಮನವೆಲ್ಲ ಮುಳುಗಿದರೆ ಹೊತ್ತಿನ ಮೇಲೆ ಗಮನವೇ ಉಳಿಯುವುದಿಲ್ಲ, 20 ನಿಮಿಷ ಐದು ನಿಮಿಷದಂತೆ ಹೋಗುತ್ತದೆ. ತಲೆಯೆತ್ತಿ ಗಡಿಯಾರ ನೋಡಿದಾಗ ಧಸಕ್ಕೆನ್ನುತ್ತದೆ. ಅಲ್ಲಿಂದ ಮುಂದೆ ಎರಡೆರಡು ನಿಮಿಷಕ್ಕೆ ಗಡಿಯಾರ ನೋಡುವ ಚಾಳಿ. ಆಗ ಬರೆಯುವುದಕ್ಕೆ ಬೇಕಾದ ಗಮನ ಹೊತ್ತು ಎಣಿಸುವುದಕ್ಕೆ ಖರ್ಚಾಗುತ್ತದೆ. “ಬೇಗ ಬೇಗ” ಅಂದವರು ಕೊಟ್ಟು ಕಳಿಸಿದ್ದು ಇದನ್ನೇ.

ಬೇಕಿರುವುದು ವೇಗವಲ್ಲ, ಲೆಕ್ಕ. ಅದನ್ನು ಹಿಂದಿನ ರಾತ್ರಿಯೇ ಹೇಳಿಕೊಡಿ. 80 ಅಂಕದ ಪತ್ರಿಕೆ, ಬರೆಯಲು ಮೂರು ಗಂಟೆ: ಒಂದು ಅಂಕಕ್ಕೆ 2 ನಿಮಿಷ ಹಿಡಿದರೆ 160 ನಿಮಿಷ, ಇನ್ನೂ 20 ಕೈಯಲ್ಲಿರುತ್ತದೆ. 4 ಅಂಕದ ಪ್ರಶ್ನೆಗೆ 8 ನಿಮಿಷ. ದಾರಿ ಕಾಣದಿದ್ದರೆ ಜಾಗ ಬಿಟ್ಟು ಮುಂದೆ ಹೋಗಬೇಕು, ಕೊನೆಯ 20 ಇರುವುದೇ ಅದಕ್ಕೆ. ಪ್ರಶ್ನೆ ಓದಲು ಕೊಡುವ 15 ನಿಮಿಷದಲ್ಲಿ ಸುಲಭದವು ಯಾವುವೆಂದು ಗುರುತು ಹಚ್ಚಿಕೊಂಡು ಅವುಗಳಿಂದಲೇ ಶುರುಮಾಡಲಿ. ಗಡಿಯಾರವನ್ನು ಅರ್ಧ ಗಂಟೆಗೊಮ್ಮೆ ನೋಡಿದರೆ ಸಾಕು. ಅರ್ಧ ಗಂಟೆಗೆ 15 ಅಂಕದಷ್ಟು ಬರೆದಿದ್ದರೆ ಸರಿಯಾಗಿ ಹೋಗುತ್ತಿದೆ ಎಂದರ್ಥ. ಸಿಇಟಿ ಬರೆಯುವವರಿಗೆ ಉತ್ತರಿಸಲು 70 ನಿಮಿಷ, 60 ಪ್ರಶ್ನೆ: ಒಂದಕ್ಕೆ 60 ಸೆಕೆಂಡು ಇಟ್ಟುಕೊಂಡರೆ ಓಎಂಆರ್ ಉತ್ತರ ಹಾಳೆ ಸರಿನೋಡಲು 10 ನಿಮಿಷ ಉಳಿಯುತ್ತದೆ.

ಪ್ರಶ್ನೆ ನೋಡಿದ ಕೂಡಲೇ ತಲೆ ಖಾಲಿಯಾದರೆ? ಪೆನ್ನು ಕೆಳಗಿಡಬೇಕು. ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ಎರಡು ನಿಮಿಷ. ಉಸಿರು ಹೊರಗೆ ಹೋಗುವಾಗ ಎದೆಬಡಿತ ತುಸು ತಗ್ಗುತ್ತದೆ, ಅದಕ್ಕೇ ಹೊರಗಿನದು ಉದ್ದ. ಜೋರಾಗಿ, ಬೇಗ ಬೇಗ ದೀರ್ಘ ಉಸಿರೆಳೆದರೆ ತಲೆಸುತ್ತು ಬರುತ್ತದೆ, ಹಾಗೆ ಮಾಡಬಾರದು. ಆಮೇಲೆ ಆ ಪ್ರಶ್ನೆ ಬಿಟ್ಟು ಗೊತ್ತಿರುವ ಒಂದು ಅಂಕದ್ದನ್ನು ಬರೆಯಬೇಕು. ಕೈ ಓಡತೊಡಗಿದ ಮೇಲೆ ಮರೆತದ್ದು ಎಷ್ಟೋ ಸಲ ತಾನಾಗಿ ಬರುತ್ತದೆ. ಕೂತು ಹುಡುಕಿದಷ್ಟೂ ಬರುವುದಿಲ್ಲ. ಇದನ್ನು ಮನೆಯಲ್ಲಿ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಗಡಿಯಾರ ಹಚ್ಚಿ ಮಾಡಿ ನೋಡಿರಬೇಕು. ಮೊದಲ ಸಲ ಪರೀಕ್ಷೆಯಲ್ಲೇ ಮಾಡಹೊರಟರೆ ನೆನಪಾಗುವುದಿಲ್ಲ.

ಮೇಲ್ವಿಚಾರಣೆಗೆ ಹೋಗುವ ಮೇಷ್ಟ್ರು, ಮೇಡಂಗಳು ನನ್ನ ಸ್ನೇಹಿತರ ಪಟ್ಟಿಯಲ್ಲಿ ಬಹಳ ಜನ ಇದ್ದೀರಿ. ನಾಡಿದ್ದಿನ ಪತ್ರಿಕೆಗೆ ಮುಂಚೆ ನಿಮ್ಮ ಕೊಠಡಿಯ ಗೋಡೆ ಗಡಿಯಾರ ನಡೆಯುತ್ತಿದೆಯಾ, ಬೆಲ್ಲಿನ ಹೊತ್ತಿಗೆ ಹೊಂದುತ್ತಿದೆಯಾ ನೋಡಿ. ಹಿಂದಿನ ಗೋಡೆಯಲ್ಲಿದ್ದರೆ ಮುಂದಕ್ಕೆ ತನ್ನಿ. “ಇನ್ನು ಹತ್ತೇ ನಿಮಿಷ! ಬೇಗ!” ಅಂತ ಕೂಗಬೇಡಿ. “ಹತ್ತು ನಿಮಿಷ ಇದೆ” ಅಂತ ಮೆಲ್ಲಗೆ ಒಂದು ಸಲ ಹೇಳಿ, ಸಾಕು.