ಅಂಗಡಿ ಲೆಕ್ಕಕ್ಕೆ ಎಸ್‌ಕ್ಯೂಲೈಟ್ ಸಾಕಾ?

ಪರ: ಧಾರಾಳವಾಗಿ ಸಾಕು

ಡೇಟಾಬೇಸ್ (ಮಾಹಿತಿಯನ್ನು ಜೋಡಿಸಿಡುವ ಸಾಫ್ಟ್‌ವೇರ್) ಅಂದ ಕೂಡಲೇ ಸರ್ವರ್, ಅಂದರೆ ಅದಕ್ಕಾಗಿ ಸದಾ ಓಡುತ್ತಿರಬೇಕಾದ ಬೇರೊಂದು ಪ್ರೋಗ್ರಾಂ, ಬೇಕು ಅನ್ನುವವರಿಗೆ ನನ್ನದು ಒಂದೇ ಪ್ರಶ್ನೆ: ಯಾಕೆ? ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್‌ಗೆ ಸರ್ವರೇ ಇಲ್ಲ. ಸರಕು, ಬಿಲ್ಲು, ಸಾಲ, ಎಲ್ಲ ಟೇಬಲ್ಲುಗಳೂ ಒಂದೇ ಫೈಲಿನಲ್ಲಿ. 2000ದಲ್ಲಿ ರಿಚರ್ಡ್ ಹಿಪ್ ಶುರುಮಾಡಿದ್ದು. ಬಿಡಿಗಾಸಿನ ಖರ್ಚಿಲ್ಲ. ನಿಮ್ಮ ಆಂಡ್ರಾಯ್ಡ್ ಫೋನಿನ ಕಾಂಟ್ಯಾಕ್ಟು, ಮೆಸೇಜು ಕೂತಿರುವುದೂ ಇದರಲ್ಲೇ.

ನಮ್ಮ ಮಾವನದು ತೀರ್ಥಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಒಂದು ಕಂಪ್ಯೂಟರು, ಬಿಲ್ ಹಾಕುವವರು ಮಾವ ಒಬ್ಬರೇ. ಸಾಫ್ಟ್‌ವೇರ್ ಹಾಕಿಕೊಟ್ಟವರು ಅದಕ್ಕೂ ಒಂದು ಸರ್ವರ್ ಡೇಟಾಬೇಸ್ ಕೂರಿಸಿದ್ದರು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ಅಲ್ಲಿ ಇದ್ದದ್ದೇ. ಕರೆಂಟ್ ಬಂದರೂ ಸರ್ವರ್ ಏಳುತ್ತಿರಲಿಲ್ಲ. ಪಿವಿಸಿ ಪೈಪು ಹಿಡಿದು ಗಿರಾಕಿ ನಿಂತಿರುತ್ತಿದ್ದ, ಮಾವ ನನಗೆ ಫೋನ್ ಮಾಡುತ್ತಿದ್ದರು. "ಎಂಥ ಮಾರಾಯ ಇದು, ಮೊಳೆ ಮಾರಕ್ಕೂ ನಿನ್ನನ್ನ ಕೇಳ್ಬೇಕಾ?"

ಕೊನೆಗೆ ಎಲ್ಲವನ್ನೂ ಎಸ್‌ಕ್ಯೂಲೈಟ್‌ಗೆ ತಂದೆ. ಈಗ ರಾತ್ರಿ ಪ್ರೋಗ್ರಾಂ ಮುಚ್ಚಿ, ಆ ಫೈಲನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡುತ್ತಾರೆ. ಬ್ಯಾಕಪ್ ಮುಗಿಯಿತು. ಬಿಲ್ ಹಾಕುವಾಗಲೇ ಕರೆಂಟ್ ಹೋದರೂ ಅರ್ಧ ಬಿಲ್ಲು ಉಳಿಯುವುದಿಲ್ಲ. ಪೂರ್ತಿ ಇರುತ್ತದೆ, ಇಲ್ಲವೇ ಇರುವುದೇ ಇಲ್ಲ.

ಒಂದು ಸಲಕ್ಕೆ ಒಬ್ಬರೇ ಬರೆಯಬಹುದು ಅಂತ ಕೆಲವರದು ತಕರಾರು. ಮಾವ ಒಬ್ಬರೇ ಅಲ್ವಾ! ಸಾವಿರ ಜನ ಒಟ್ಟಿಗೆ ಮೊಳೆ ಕೊಳ್ಳಲು ನುಗ್ಗಿದ ದಿನ ನೋಡಿಕೊಳ್ಳೋಣ.

ವಿರೋಧ: ಅಂಗಡಿ ಬೆಳೆದರೆ ಸಾಲದು

ವಿರೋಧ ಬರೆಯುವ ಪಾಲು ನನಗೆ ಬಂದಿದೆ, ಬರೆಯುತ್ತೇನೆ. ಎಸ್‌ಕ್ಯೂಲೈಟ್ ಕೆಟ್ಟದ್ದೇನಲ್ಲ, ನಾನೂ ಬಳಸುತ್ತೇನೆ. ಕರೆಂಟಿನ ತೊಂದರೆಗೆ ಯುಪಿಎಸ್ ಇದೆ, ಡೇಟಾಬೇಸ್ ಬದಲಿಸಬೇಕಿಲ್ಲ.

ಎರಡನೇ ಕೌಂಟರ್ ಬಂದಾಗ, ಗೋಡೌನಿಗೊಂದು ಕಂಪ್ಯೂಟರ್ ಬಂದಾಗ ಏನು ಮಾಡುತ್ತೀರಿ? ಫೈಲನ್ನು ನೆಟ್‌ವರ್ಕ್ ಫೋಲ್ಡರಿನಲ್ಲಿಟ್ಟು ಹಂಚಿಕೊಂಡರೆ ಇಬ್ಬರು ಒಟ್ಟಿಗೆ ಬರೆಯದಂತೆ ತಡೆಯುವ ಲಾಕ್ ಕೈಕೊಟ್ಟು ಫೈಲೇ ಕೆಡಬಹುದು. ಈ ಎಚ್ಚರಿಕೆ ಕೊಟ್ಟಿರುವುದು ಎಸ್‌ಕ್ಯೂಲೈಟ್ ಮಾಡಿದವರೇ. ಪೋಸ್ಟ್‌ಗ್ರೆಸ್ ಅನ್ನುವ ಸರ್ವರ್ ಡೇಟಾಬೇಸ್‌ನಲ್ಲಿ ಹಲವರು ಒಟ್ಟಿಗೆ ಬರೆಯಬಹುದು. ಕೆಲಸದ ಹುಡುಗರಿಗೆ ಬಿಲ್ಲು ಮಾತ್ರ, ಯಜಮಾನರಿಗೆ ಸಾಲದ ಖಾತೆಯೂ ಅಂತ ಬೇರೆ ಮಾಡಬಹುದು. ಎಸ್‌ಕ್ಯೂಲೈಟ್‌ನಲ್ಲಿ ಫೈಲು ಕೈಗೆ ಸಿಕ್ಕವನಿಗೆ ಎಲ್ಲವೂ ಸಿಕ್ಕಿದಂತೆ.

ಇನ್ನೊಂದು ವಿಷಯ. ಅಂಕಿಯ ಕಾಲಮ್ಮಿನಲ್ಲಿ "ಹತ್ತು ಡಜನ್" ಅಂತ ಬರೆದರೂ ಎಸ್‌ಕ್ಯೂಲೈಟ್ ಸುಮ್ನೆ ಇಟ್ಟುಕೊಳ್ಳುತ್ತದೆ. ಹಾಗಾಗಬಾರದು ಅಂದರೆ ಟೇಬಲ್ ಮಾಡುವಾಗಲೇ ಸ್ಟ್ರಿಕ್ಟ್ ಅಂತ ಬರೆಯಬೇಕು, ಆ ಸೌಲಭ್ಯ ಬಂದದ್ದೂ 2021ರಲ್ಲಿ. ಪೋಸ್ಟ್‌ಗ್ರೆಸ್ ಹೇಳಿಸಿಕೊಳ್ಳದೆಯೇ ತಪ್ಪು ಅಂತ ವಾಪಸ್ ಕಳಿಸುತ್ತದೆ.